ಎತ್ತರವೂ ಕೇಳ್ತಾರೆ, ವಯಸ್ಸೂ ಕೇಳ್ತಾರೆ: ಎರಡು ವಿಷಯದ ರ‍್ಯಾಂಕಿಂಗ್ ಪಜಲ್ ಎಲ್ಲಿಂದ ಶುರು ಮಾಡಬೇಕು?

ಕೊಪ್ಪಳದ ಅಭ್ಯರ್ಥಿ:

ಎಲ್ಲರಿಗೂ ನಮಸ್ಕಾರ. ಗ್ರಾಮೀಣ ಬ್ಯಾಂಕ್ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಗೆ ಓದುತ್ತಿದ್ದೇನೆ, ಕನ್ನಡದಲ್ಲೇ ಬರೆಯುತ್ತೇನೆ. ಪ್ರಿಲಿಮ್ಸ್ ಅನ್ನುವ ಮೊದಲ ಹಂತದಲ್ಲಿ ರೀಸನಿಂಗ್ (ತರ್ಕ) 40 ಪ್ರಶ್ನೆ, ಅದರಲ್ಲಿ ಪಜಲ್‌ಗಳ ಪಾಲು ದೊಡ್ಡದು. ರಕ್ತ ಸಂಬಂಧ, ದಿಕ್ಕು, ಕೋಡಿಂಗ್ ಇವೆಲ್ಲ ಸಲೀಸು. ಯಾರು ಯಾರಿಗಿಂತ ಎತ್ತರ ಅಂತ ಒಂದೇ ವಿಷಯ ಕೊಟ್ಟರೂ ತೊಂದರೆ ಇಲ್ಲ. ಅದೇ ಜನರನ್ನು ಎತ್ತರದಲ್ಲೂ ಜೋಡಿಸಿ, ವಯಸ್ಸಿನಲ್ಲೂ ಜೋಡಿಸಿ ಅಂದಾಗ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಒಂದು ಉದಾಹರಣೆ ಹಾಕುತ್ತೇನೆ, ದಯವಿಟ್ಟು ನೋಡಿ.

ಅನಿತಾ, ಬಸವ, ಚೇತನ, ದೀಪಾ, ಈರಣ್ಣ, ಫಾತಿಮಾ ಆರು ಜನ ಗೆಳೆಯರು. ಯಾವ ಇಬ್ಬರ ಎತ್ತರವೂ ಒಂದೇ ಇಲ್ಲ, ಯಾವ ಇಬ್ಬರ ವಯಸ್ಸೂ ಒಂದೇ ಇಲ್ಲ. ಬಸವ ಈರಣ್ಣನಿಗಿಂತ ವಯಸ್ಸಿನಲ್ಲಿ ಹಿರಿಯ. ದೀಪಾ ಬಸವನಿಗಿಂತ ಎತ್ತರ. ಎಲ್ಲರಿಗಿಂತ ಕುಳ್ಳಗಿರುವವರೇ ಎಲ್ಲರಿಗಿಂತ ಹಿರಿಯರು. ಅನಿತಾಗಿಂತ ಎತ್ತರ ಇರುವವರು ಮೂವರು, ಅವರಲ್ಲಿ ಫಾತಿಮಾ ಒಬ್ಬಳು. ದೀಪಾಗಿಂತ ಕಿರಿಯಳು ಅನಿತಾ ಒಬ್ಬಳೇ. ಬಸವನಿಗಿಂತ ಎತ್ತರ ಇರುವವರು ಒಬ್ಬರೇ. ಎತ್ತರದಲ್ಲಿ ಮೂರನೇ ಸ್ಥಾನದಲ್ಲಿ ಇರುವವರಿಗಿಂತ ಬಸವ ವಯಸ್ಸಿನಲ್ಲಿ ಕಿರಿಯ.

ಪ್ರಶ್ನೆಗಳು: ಎಲ್ಲರಿಗಿಂತ ಕುಳ್ಳ ಯಾರು? ವಯಸ್ಸಿನಲ್ಲಿ ಮೇಲಿನಿಂದ ಮೂರನೆಯವರು ಯಾರು? ಈರಣ್ಣನಿಗಿಂತ ಎತ್ತರವೂ ಇದ್ದು ಹಿರಿಯರೂ ಆಗಿರುವವರು ಎಷ್ಟು ಜನ?

ಎತ್ತರದಲ್ಲಿ ದೀಪಾ, ಬಸವ, ಫಾತಿಮಾ, ಅನಿತಾ ಅಂತ ನಾಲ್ಕು ಹೆಸರು ಸಾಲಾಗಿ ಕೂರುತ್ತವೆ. ಉಳಿಯುವುದು ಚೇತನ, ಈರಣ್ಣ. ಇವರಿಬ್ಬರಲ್ಲಿ ಯಾರು ಕುಳ್ಳ ಅಂತ ಎತ್ತರದ ಯಾವ ವಾಕ್ಯದಲ್ಲೂ ಇಲ್ಲ. ‘ನಿರ್ಧರಿಸಲು ಸಾಧ್ಯವಿಲ್ಲ’ ಅನ್ನುವ ಆಪ್ಷನ್ ಕೂಡ ಇದೆ. ಆದರೆ ಉತ್ತರ ಚೇತನ ಅಂತ ಕೊಟ್ಟಿದ್ದಾರೆ, ಬಿಡಿಸಿದ ದಾರಿ ಕೊಟ್ಟಿಲ್ಲ. ಇದನ್ನು ಹೇಗೆ ಹಿಡಿಯುವುದು? ಟೇಬಲ್ ಹಾಕಬೇಕಾ, ಗೆರೆ ಹಾಕಬೇಕಾ? ‘ನಿರ್ಧರಿಸಲು ಸಾಧ್ಯವಿಲ್ಲ’ ಅಂತ ಧೈರ್ಯವಾಗಿ ಯಾವಾಗ ಹಾಕಬಹುದು?

ಗ್ರಾಮೀಣ ಶಾಖೆ:

ತಮ್ಮಾ, ನೀನು ಮುಕ್ಕಾಲು ದಾರಿ ಬಂದಿದ್ದೀಯ. ಎತ್ತರದ ವಾಕ್ಯಗಳು ಖಾಲಿ ಆದವು ಅಂದರೆ ಪಜಲ್ ಮುಗಿಯಿತು ಅಂತಲ್ಲ. ‘ಎಲ್ಲರಿಗಿಂತ ಕುಳ್ಳಗಿರುವವರೇ ಎಲ್ಲರಿಗಿಂತ ಹಿರಿಯರು’ ಅಂತ ಒಂದು ವಾಕ್ಯ ಇದೆ ಅಲ್ವಾ, ಎರಡು ವಿಷಯಗಳ ಕೊಂಡಿ ಅದೇ. ಒಂದು ಕಡೆ ಸಿಕ್ಕಿಕೊಂಡಾಗ ಇನ್ನೊಂದು ಕಡೆಯಿಂದ ಮಾಹಿತಿ ಬರುವುದು ಈ ತರಹದ ವಾಕ್ಯದಿಂದ ಮಾತ್ರ.

ನಾನು ಮಾಡುವುದು ಹೀಗೆ. ರಫ್ ಶೀಟ್‌ನಲ್ಲಿ ಎರಡು ಸಾಲು, ಒಂದರ ಕೆಳಗೆ ಒಂದು. ಪ್ರತಿ ಸಾಲಿನಲ್ಲಿ ಆರು ಖಾಲಿ ಜಾಗ. ಎಡಗಡೆ ಯಾವಾಗಲೂ ಜಾಸ್ತಿ, ಬಲಗಡೆ ಯಾವಾಗಲೂ ಕಡಿಮೆ. ಇದನ್ನು ನಡುವೆ ಬದಲಾಯಿಸಬಾರದು. ಪೂರ್ತಿ ಹೆಸರು ಬರೆಯುವುದೂ ಬೇಡ, ಮೊದಲ ಅಕ್ಷರ ಸಾಕು.

ಆಮೇಲೆ ವಾಕ್ಯಗಳನ್ನು ಕೊಟ್ಟ ಕ್ರಮದಲ್ಲಿ ತೆಗೆದುಕೊಳ್ಳಬೇಡ. ಬೇಕೆಂದೇ ಕಲಸಿ ಕೊಟ್ಟಿರುತ್ತಾರೆ. ಮೊದಲು ಜಾಗ ಹೇಳುವ ವಾಕ್ಯ ಹುಡುಕು. ‘ಬಸವನಿಗಿಂತ ಎತ್ತರ ಒಬ್ಬರೇ’ ಅಂದರೆ ಬಸವ ಎರಡನೆಯವನು, ಅದರಲ್ಲಿ ಎರಡು ಮಾತಿಲ್ಲ. ‘ಅನಿತಾಗಿಂತ ಎತ್ತರ ಮೂವರು’ ಅಂದರೆ ಅನಿತಾ ನಾಲ್ಕನೆಯವಳು. ‘ದೀಪಾಗಿಂತ ಕಿರಿಯಳು ಅನಿತಾ ಒಬ್ಬಳೇ’ ಅಂದರೆ ವಯಸ್ಸಿನ ಸಾಲಿನಲ್ಲಿ ಐದು ದೀಪಾ, ಆರು ಅನಿತಾ. ಒಂದೇ ವಾಕ್ಯಕ್ಕೆ ಎರಡು ಜಾಗ ಸಿಕ್ಕಿತು.

ಈಗ ಹೋಲಿಕೆಯ ವಾಕ್ಯಗಳು. ದೀಪಾ ಬಸವನಿಗಿಂತ ಎತ್ತರ, ಬಸವ ಎರಡನೆಯವನು, ಹಾಗಾದರೆ ದೀಪಾ ಮೊದಲು. ಅನಿತಾಗಿಂತ ಎತ್ತರ ಇರುವ ಮೂವರಲ್ಲಿ ಇಬ್ಬರು ಸಿಕ್ಕಿದ್ದಾರೆ, ಮೂರನೆಯವಳು ಫಾತಿಮಾ. ಹಾಳೆ ಈಗ ಹೀಗೆ ಕಾಣುತ್ತದೆ:

ಎತ್ತರ: ದೀ, ಬ, ಫಾ, ಅ, __, __
ವಯಸ್ಸು: __, __, __, __, ದೀ, ಅ

ನೀನು ನಿಂತದ್ದು ಇಲ್ಲೇ. ಈಗ ಕೊಂಡಿ ವಾಕ್ಯ ತಗೋ. ಕುಳ್ಳಗಿರುವವರು ಚೇತನ ಅಥವಾ ಈರಣ್ಣ. ಹಾಗಾಗಿ ಎಲ್ಲರಿಗಿಂತ ಹಿರಿಯರೂ ಚೇತನ ಅಥವಾ ಈರಣ್ಣನೇ. ಆದರೆ ಬಸವ ಈರಣ್ಣನಿಗಿಂತ ಹಿರಿಯ ಅಂತ ಕೊಟ್ಟಿದ್ದಾರೆ. ತನಗಿಂತ ಹಿರಿಯ ಒಬ್ಬ ಇರುವಾಗ ಈರಣ್ಣ ಎಲ್ಲರಿಗಿಂತ ಹಿರಿಯ ಆಗಲು ಹೇಗೆ ಸಾಧ್ಯ? ಆಗಲ್ಲ. ಚೇತನನೇ ಹಿರಿಯ, ಚೇತನನೇ ಕುಳ್ಳ. ಎತ್ತರದ ಸಾಲಿನ ಐದನೇ ಜಾಗ ಈರಣ್ಣನಿಗೆ.

ವಯಸ್ಸಿನಲ್ಲಿ ಉಳಿದದ್ದು 2, 3, 4. ಉಳಿದ ಜನ ಬಸವ, ಈರಣ್ಣ, ಫಾತಿಮಾ. ಎತ್ತರದಲ್ಲಿ ಮೂರನೆಯವಳು ಫಾತಿಮಾ, ಅವಳಿಗಿಂತ ಬಸವ ಕಿರಿಯ, ಬಸವನಿಗಿಂತ ಈರಣ್ಣ ಕಿರಿಯ. ಮುಗಿಯಿತು:

ಎತ್ತರ: ದೀ, ಬ, ಫಾ, ಅ, ಈ, ಚೇ
ವಯಸ್ಸು: ಚೇ, ಫಾ, ಬ, ಈ, ದೀ, ಅ

ಕುಳ್ಳ ಚೇತನ. ವಯಸ್ಸಿನಲ್ಲಿ ಮೂರನೆಯವನು ಬಸವ. ಕೊನೆಯ ಪ್ರಶ್ನೆಗೆ ಎರಡೂ ಸಾಲಿನಲ್ಲಿ ಈರಣ್ಣನ ಎಡಗಡೆ ಯಾರಿದ್ದಾರೆ ನೋಡು. ಮೇಲೆ ದೀಪಾ, ಬಸವ, ಫಾತಿಮಾ, ಅನಿತಾ. ಕೆಳಗೆ ಚೇತನ, ಫಾತಿಮಾ, ಬಸವ. ಎರಡರಲ್ಲೂ ಇರುವವರು ಬಸವ ಮತ್ತು ಫಾತಿಮಾ, ಅಂದರೆ ಇಬ್ಬರು. ಈ ತರಹ ‘ಇದೂ ಹೌದು, ಅದೂ ಹೌದು’ ಪ್ರಶ್ನೆ ಬಂದಾಗ ಎರಡು ಸಾಲು ಮೇಲೆ ಕೆಳಗೆ ಇದ್ದರೆ ಕಣ್ಣಿಗೇ ಉತ್ತರ ಸಿಗುತ್ತದೆ.

ಇನ್ನೊಂದು ಮಾತು. ಆರು ಜನರನ್ನು ಒಂದು ವಿಷಯದಲ್ಲಿ 720 ರೀತಿ ಜೋಡಿಸಬಹುದು. ಎರಡು ವಿಷಯ ಬಂದರೆ 720 ಗುಣಿಸು 720, ಅಂದರೆ 5,18,400 ರೀತಿ. ಏಳು ವಾಕ್ಯ ಸೇರಿ ಅಷ್ಟನ್ನೂ ಒಂದಕ್ಕೆ ಇಳಿಸುತ್ತವೆ. ಆದ್ದರಿಂದ ಯಾವ ವಾಕ್ಯವನ್ನೂ ಹಗುರವಾಗಿ ಬಿಡಬಾರದು. ಬಳಸಿದ ವಾಕ್ಯದ ಮೇಲೆ ಟಿಕ್ ಹಾಕುತ್ತಾ ಹೋಗು, ಕಂಪ್ಯೂಟರ್ ಪರೀಕ್ಷೆಯಾದ್ದರಿಂದ ರಫ್ ಶೀಟ್‌ನಲ್ಲಿ ವಾಕ್ಯದ ನಂಬರ್ ಬರೆದು ಅದರ ಮೇಲೆ ಹಾಕು. ಸಾಲು ತುಂಬಿಲ್ಲ ಅಂದರೆ ಟಿಕ್ ಇಲ್ಲದ ವಾಕ್ಯ ಯಾವುದು ಅಂತ ನೋಡುವುದೇ ಮೊದಲ ಕೆಲಸ.

ಕೊಪ್ಪಳದ ಅಭ್ಯರ್ಥಿ:

ಅಣ್ಣಾ ತುಂಬಾ ಥ್ಯಾಂಕ್ಸ್, ಕೊಂಡಿ ವಾಕ್ಯ ಅನ್ನುವುದು ಈಗ ಸ್ಪಷ್ಟವಾಯಿತು. ಒಂದು ಅನುಮಾನ. ಕೆಲವು ಸಲ ಒಂದೇ ವಾಕ್ಯದಲ್ಲಿ ಎರಡು ವಿಷಯ ತುರುಕಿರುತ್ತಾರೆ. ‘ರಾಮು ಸೋಮುಗಿಂತ ದಪ್ಪ ಆದರೆ ಗಂಗಾಳಿಗಿಂತ ಕುಳ್ಳ’ ಅಂತ. ಇದು ಕೊಂಡಿ ವಾಕ್ಯನಾ?

ಗ್ರಾಮೀಣ ಶಾಖೆ:

ಅಲ್ಲ. ಅದು ಎರಡು ಬೇರೆ ವಾಕ್ಯ, ನಡುವೆ ‘ಆದರೆ’ ಹಾಕಿ ಅಂಟಿಸಿದ್ದಾರೆ ಅಷ್ಟೇ. ತೂಕದ ಸಾಲಿನಲ್ಲಿ ರಾಮು > ಸೋಮು. ಎತ್ತರದ ಸಾಲಿನಲ್ಲಿ ಗಂಗಾ > ರಾಮು. ಒಡೆದು ಎರಡು ಕಡೆ ಬರೆದುಬಿಡು. ಸೋಮು ಎತ್ತರದ ಬಗ್ಗೆ ಆ ವಾಕ್ಯ ಏನೂ ಹೇಳಿಲ್ಲ, ಗಂಗಾಳ ತೂಕದ ಬಗ್ಗೆಯೂ ಏನೂ ಹೇಳಿಲ್ಲ. ದಪ್ಪ ಇರುವವರು ಎತ್ತರ ಇರ್ತಾರೆ, ಹಿರಿಯರು ಜಾಸ್ತಿ ಸಂಬಳ ತಗೋತಾರೆ ಅಂತ ಹೊರಗಿನ ಲೋಕದ ಅಂದಾಜು ಒಳಗೆ ತರಬಾರದು. ಒಂದು ಸಾಲಿನ ಮಾಹಿತಿ ಇನ್ನೊಂದು ಸಾಲಿಗೆ ದಾಟಬೇಕು ಅಂದರೆ ವಾಕ್ಯವೇ ದಾಟಿಸಬೇಕು. ‘ಎತ್ತರದಲ್ಲಿ ಮೂರನೆಯವರು ವಯಸ್ಸಿನಲ್ಲಿ ಇಷ್ಟನೆಯವರು’ ಅನ್ನುವ ತರಹ ಇದ್ದರೆ ಅದು ಕೊಂಡಿ.

ಶಾಲೆ ಮೇಷ್ಟ್ರು, ಶಿರಸಿ ಕಡೆ:

ನಾನು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಪಾಠ ಮಾಡುವವನು. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತೇವೆ. ಅದರ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ನಿಮಿಷಕ್ಕೆ 90 ಪ್ರಶ್ನೆ. ಪಾಸಾಗಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಅದು ದೊಡ್ಡ ಆಸರೆ. ಹಾಗಾಗಿ ಈ ರ‍್ಯಾಂಕಿಂಗ್ ಲೆಕ್ಕಗಳನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ನಮ್ಮ ಮಕ್ಕಳಿಗೆ ಮೊದಲು ಪೆನ್ಸಿಲ್ ಕೊಡುವುದಿಲ್ಲ. ಹಳೇ ನೋಟ್‌ಬುಕ್ ಹಾಳೆ ಹರಿದು ಚೀಟಿ ಮಾಡುತ್ತೇವೆ. ಪ್ರತಿ ಹೆಸರಿಗೆ ಎರಡು ಚೀಟಿ, ಎತ್ತರಕ್ಕೆ ನೀಲಿ ಪೆನ್ನಿನಲ್ಲಿ ಬರೆದದ್ದು, ವಯಸ್ಸಿಗೆ ಕೆಂಪು ಪೆನ್ನಿನಲ್ಲಿ ಬರೆದದ್ದು. ಡೆಸ್ಕ್ ಮೇಲೆ ಎರಡು ಸಾಲು. ವಾಕ್ಯ ಓದುವುದು, ಚೀಟಿ ಸರಿಸುವುದು. ಗೊತ್ತಿಲ್ಲದ ಚೀಟಿಯನ್ನು ಸಾಲಿಗೆ ಸೇರಿಸದೆ ಡೆಸ್ಕ್‌ನ ಅಂಚಿನಲ್ಲಿ ಇಟ್ಟುಕೊಳ್ಳಬೇಕು. ಇದು ಬಹಳ ಮುಖ್ಯ. ಪೆನ್ಸಿಲ್ ಹಿಡಿದರೆ ಮಕ್ಕಳು ಗೊತ್ತಿಲ್ಲದವರನ್ನೂ ಎಲ್ಲೋ ಒಂದು ಕಡೆ ಬರೆದುಬಿಡುತ್ತಾರೆ. ಬರೆದ ಮೇಲೆ ಅದು ಸರಿ ಅಂತಲೇ ನಂಬಿಬಿಡುತ್ತಾರೆ.

‘ಅನಿತಾಗಿಂತ ಎತ್ತರ ಮೂವರು’ ಅನ್ನುವ ವಾಕ್ಯ ಬಂದಾಗ ಪ್ರತಿ ವರ್ಷ ಯಾರಾದರೂ ಒಂದು ಮಗು ಬೆರಳು ಮಡಚುತ್ತಾ ‘ಸರ್, ಅನಿತಾನೂ ಸೇರಿಸಿ ಎಣಿಸಬೇಕಾ?’ ಅಂತ ಕೇಳುತ್ತದೆ. ಒಳ್ಳೆಯ ಪ್ರಶ್ನೆ ಅದು. ಎಡಗಡೆ ಮೂರು ಚೀಟಿ ಇಡು, ಆಮೇಲೆ ಅನಿತಾ ಚೀಟಿ ಇಡು, ಈಗ ಎಣಿಸು ಅನ್ನುತ್ತೇನೆ. ನಾಲ್ಕು. ಒಮ್ಮೆ ಕೈಯಲ್ಲಿ ಮಾಡಿದ ಮೇಲೆ ಮರೆಯುವುದಿಲ್ಲ.

ಎಣಿಕೆಯ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ಮೇಲಿನಿಂದ ಎಷ್ಟನೇ ಸ್ಥಾನ ಗೊತ್ತಿದ್ದರೆ ಕೆಳಗಿನಿಂದ ಎಷ್ಟನೇ ಸ್ಥಾನ ಅನ್ನುವುದಕ್ಕೆ ಒಟ್ಟು ಸಂಖ್ಯೆಯಿಂದ ಕಳೆದು 1 ಕೂಡಿಸಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಹೀಗೆ ಕೇಳಿದರೆ? ತರಗತಿಯಲ್ಲಿ 50 ಮಕ್ಕಳು, 8 ಮಕ್ಕಳು ಫೇಲ್. ಪಾಸಾದವರಲ್ಲಿ ಗೀತಾ ಮೇಲಿನಿಂದ 12ನೆಯವಳು. ಪಾಸಾದವರಲ್ಲಿ ಕೆಳಗಿನಿಂದ ಎಷ್ಟನೆಯವಳು? ಪಾಸಾದವರು 42, ಅದರಿಂದ 12 ಕಳೆದು 1 ಕೂಡಿಸಿದರೆ 31. ಇಡೀ ತರಗತಿಯಲ್ಲಿ ಕೆಳಗಿನಿಂದ ಕೇಳಿದರೆ 39. ಯಾರ ನಡುವೆ ಎಣಿಸಬೇಕು ಅನ್ನುವುದನ್ನು ಪ್ರಶ್ನೆಯಲ್ಲಿ ಗೆರೆ ಹಾಕಿಕೊಂಡು ಓದಿ.

ಅಭ್ಯರ್ಥಿಯವರೇ, ನೀವು ದೊಡ್ಡ ಪರೀಕ್ಷೆಗೆ ಓದುವವರು, ಚೀಟಿ ಮಕ್ಕಳಿಗೆ ಅಂತ ಬಿಡಬೇಡಿ. ಒಂದು ವಾರ ಮನೆಯಲ್ಲಿ ಚೀಟಿ ಇಟ್ಟು ಮಾಡಿ ನೋಡಿ. ಆಮೇಲೆ ಹಾಳೆಯಲ್ಲಿ ಕೈ ತಾನೇ ಓಡುತ್ತದೆ.

ಮೈಸೂರು ಕೋಡರ್:

ಚೀಟಿಯನ್ನು ಅಂಚಿನಲ್ಲಿ ಇಟ್ಟುಕೊಳ್ಳುವ ಮಾತು ಮೇಷ್ಟ್ರು ಹೇಳಿದ್ದು ತುಂಬಾ ಸರಿ. ‘ನಿರ್ಧರಿಸಲು ಸಾಧ್ಯವಿಲ್ಲ’ ಯಾವಾಗ ಹಾಕಬಹುದು ಅಂತ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದನ್ನು ನಾನು ಹೇಳುತ್ತೇನೆ. ಇದಕ್ಕೆ ಅಂದಾಜು ಬೇಕಿಲ್ಲ. ಪಕ್ಕಾ ಪರೀಕ್ಷೆ ಒಂದಿದೆ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಟೊಪೊಲಾಜಿಕಲ್ ಸಾರ್ಟಿಂಗ್ ಅಂತ ಒಂದು ಪಾಠ ಇದೆ. ಯಾವ ಕೆಲಸ ಯಾವುದಕ್ಕಿಂತ ಮೊದಲು ಆಗಬೇಕು ಅನ್ನುವ ಮಾಹಿತಿಯಿಂದ ಎಲ್ಲ ಕೆಲಸಗಳನ್ನೂ ಸಾಲಾಗಿ ಜೋಡಿಸುವುದು. ಆರ್ಥರ್ ಕಾನ್ ಅನ್ನುವವರು 1962ರಲ್ಲಿ ಇದಕ್ಕೆ ಒಂದು ಸರಳ ವಿಧಾನ ಪ್ರಕಟಿಸಿದರು. ಅದನ್ನೇ ನಮ್ಮ ಪಜಲ್‌ಗೆ ಹಾಕಬಹುದು.

ಹೋಲಿಕೆಯ ವಾಕ್ಯಗಳಿಗೆಲ್ಲ ಬಾಣ ಹಾಕಿ, ಎತ್ತರ ಇರುವವರಿಂದ ಕುಳ್ಳ ಇರುವವರ ಕಡೆಗೆ. ಈಗ ಯಾರ ಮೇಲೆ ಒಂದು ಬಾಣವೂ ಬಂದು ಬೀಳುತ್ತಿಲ್ಲವೋ ಅವರೇ ಮೊದಲು. ಅವರನ್ನು ತೆಗೆದು ಸಾಲಿಗೆ ಹಾಕಿ, ಅವರಿಂದ ಹೊರಟ ಬಾಣಗಳನ್ನೂ ಅಳಿಸಿ. ಉಳಿದವರಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿ. ಪ್ರತಿ ಸಲವೂ ಒಬ್ಬರೇ ಸಿಕ್ಕರೆ ಸಾಲು ಒಂದೇ ಒಂದು, ಬೇರೆ ಕ್ರಮ ಇಲ್ಲವೇ ಇಲ್ಲ. ಯಾವುದಾದರೂ ಹಂತದಲ್ಲಿ ಇಬ್ಬರು ಸಿಕ್ಕರೆ ಆ ಬಾಣಗಳಿಂದ ಅವರಿಬ್ಬರಲ್ಲಿ ಯಾರು ಮುಂದೆ ಅಂತ ಹೇಳಲು ಬರುವುದಿಲ್ಲ.

ಸಣ್ಣ ಉದಾಹರಣೆ. ಪದ್ಮಾ ರಾಜುಗಿಂತ ಎತ್ತರ. ರಾಜು ವಿಮಲಾಗಿಂತ ಎತ್ತರ. ಪದ್ಮಾ ಶಿವುಗಿಂತ ಎತ್ತರ. ಮೊದಲ ಹಂತದಲ್ಲಿ ಬಾಣ ಬೀಳದವಳು ಪದ್ಮಾ ಒಬ್ಬಳೇ. ಅವಳನ್ನು ತೆಗೆದ ಮೇಲೆ ರಾಜು ಮತ್ತು ಶಿವು ಇಬ್ಬರೂ ಸಿಗುತ್ತಾರೆ. ಇಲ್ಲಿಂದ ಮೂರು ಕ್ರಮ ಸಾಧ್ಯ, ಏಕೆಂದರೆ ಶಿವು ಎರಡು, ಮೂರು, ನಾಲ್ಕು ಎಲ್ಲಿ ಬೇಕಾದರೂ ಇರಬಹುದು. ಎಲ್ಲರಿಗಿಂತ ಎತ್ತರ ಯಾರು ಅಂದರೆ ಪದ್ಮಾ, ಅದು ಖಚಿತ. ಎಲ್ಲರಿಗಿಂತ ಕುಳ್ಳ ಯಾರು ಅಂದರೆ ವಿಮಲಾನೂ ಆಗಬಹುದು, ಶಿವುನೂ ಆಗಬಹುದು. ‘ನಿರ್ಧರಿಸಲು ಸಾಧ್ಯವಿಲ್ಲ’ ಹಾಕಿ. ರಾಜು ಕುಳ್ಳನಾ ಅಂದರೆ ಅಲ್ಲ, ಅದೂ ಖಚಿತ.

ಗಮನಿಸಿ, ಸಾಲು ಪೂರ್ತಿ ಸಿಗದಿದ್ದರೂ ಕೆಲವು ಪ್ರಶ್ನೆಗೆ ಖಚಿತ ಉತ್ತರ ಇದೆ. ಆ ಆಪ್ಷನ್ ಹಾಕುವುದು ಆ ಒಂದು ಪ್ರಶ್ನೆಗೆ, ಇಡೀ ಪಜಲ್‌ಗೆ ಅಲ್ಲ. ಎರಡು ವಿಷಯದ ಪಜಲ್ ಆದರೆ ಕೊಂಡಿ ವಾಕ್ಯಗಳನ್ನೆಲ್ಲ ಬಳಸಿ ಆದ ಮೇಲೇ ಈ ಪರೀಕ್ಷೆ ಮಾಡಬೇಕು. ಚೇತನ ಮತ್ತು ಈರಣ್ಣನ ವಿಷಯದಲ್ಲಿ ಎತ್ತರದ ಬಾಣ ಮಾತ್ರ ನೋಡಿದರೆ ಇಬ್ಬರು ಸಿಗುತ್ತಾರೆ, ವಯಸ್ಸಿನ ಕಡೆಯಿಂದ ಬರುವ ಮಾಹಿತಿ ಸೇರಿಸಿದ ಮೇಲೆ ಒಬ್ಬನೇ.

ಧಾರವಾಡ ರೀಸನಿಂಗ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ಬಾಣ, ಚೀಟಿ ಎಲ್ಲ ಕಲಿಯಲು ಚೆನ್ನ. ಪರೀಕ್ಷೆಯ ಹಾಲ್‌ನಲ್ಲಿ ಗಡಿಯಾರ ಇದೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಕ್ಲರ್ಕ್ ಪ್ರಿಲಿಮ್ಸ್ ತಗೊಳ್ಳಿ, ರೀಸನಿಂಗ್ 35 ಪ್ರಶ್ನೆಗೆ 20 ನಿಮಿಷ. ಪ್ರಶ್ನೆಗೆ 34 ಸೆಕೆಂಡ್ ಲೆಕ್ಕ. ಐದು ಪ್ರಶ್ನೆಯ ಒಂದು ಸೆಟ್‌ಗೆ 3 ನಿಮಿಷ ಕೂಡ ಸಿಗುವುದಿಲ್ಲ. ಹಾಗಾಗಿ ಎರಡು ಸಾಲು ಸಾಕು, ಗ್ರಾಮೀಣ ಶಾಖೆಯವರು ಹೇಳಿದ ವಿಧಾನವೇ ನನ್ನ ಮತ. ಮನೆ ಮನೆ ಗೆರೆ ಎಳೆದು ಆರು ಹೆಸರು, ಆರು ಸ್ಥಾನ, ಸರಿ ತಪ್ಪು ಗುರುತು ಅಂತ ದೊಡ್ಡ ಟೇಬಲ್ ಹಾಕುವುದನ್ನು ಕೆಲವರು ಕಲಿಸುತ್ತಾರೆ. ಗೆರೆ ಎಳೆಯುವಷ್ಟರಲ್ಲೇ ಸಮಯ ಹೋಗುತ್ತದೆ. ಊರು, ಬಣ್ಣ, ಕೆಲಸ ಅಂತ ಕ್ರಮವಿಲ್ಲದ ವಿಷಯಗಳು ಸೇರಿದಾಗ ಟೇಬಲ್ ಬೇಕು. ಬರೀ ರ‍್ಯಾಂಕಿಂಗ್‌ಗೆ ಬೇಡ.

ಪರೀಕ್ಷೆಯಲ್ಲಿ ಪದೇ ಪದೇ ಬರುವ ಕೆಲವು ಮಾತುಗಳನ್ನು ನೋಡಿದ ತಕ್ಷಣ ಸಂಖ್ಯೆಗೆ ತಿರುಗಿಸಲು ಅಭ್ಯಾಸ ಮಾಡಿ. ‘ಹಸೀನಾಗಿಂತ ಎಷ್ಟು ಜನ ಎತ್ತರವೋ ಅಷ್ಟೇ ಜನ ಕಿರಣನಿಗಿಂತ ಕುಳ್ಳ’ ಅಂತ ಬಂದರೆ ಇಬ್ಬರ ಸ್ಥಾನ ಕೂಡಿಸಿದರೆ ಒಟ್ಟು ಜನಕ್ಕಿಂತ ಒಂದು ಜಾಸ್ತಿ. ಏಳು ಜನ ಇದ್ದರೆ ಮೊತ್ತ 8. ಹಾಗಾದರೆ 1 ಮತ್ತು 7, 2 ಮತ್ತು 6, 3 ಮತ್ತು 5, ಇಷ್ಟೇ ಜೋಡಿ. 4 ಮತ್ತು 4 ಆಗಲ್ಲ, ಇಬ್ಬರು ಒಂದೇ ಜಾಗದಲ್ಲಿ ಕೂರುವಂತಿಲ್ಲ. ಕೇಸ್ ಮಾಡಬೇಕಾದರೆ, ಅಂದರೆ ಸಾಧ್ಯತೆಗಳನ್ನು ಬೇರೆ ಬೇರೆ ಬರೆದು ನೋಡಬೇಕಾದರೆ, ಇಂತಹ ಕಡಿಮೆ ಜೋಡಿ ಇರುವ ವಾಕ್ಯದಿಂದ ಮಾಡಿ. ಎರಡು ಕೇಸ್ ಬಂದರೆ ಎರಡನ್ನೂ ಅಕ್ಕಪಕ್ಕ ಬರೆಯಿರಿ. ನಾಲ್ಕು ಕೇಸ್ ಬಂದರೆ ಆ ವಾಕ್ಯ ಬಿಟ್ಟು ಬೇರೆ ವಾಕ್ಯ ಹುಡುಕಿ, ಅದಕ್ಕಿಂತ ಮೊದಲು ಬಳಸಬೇಕಾದ್ದು ಎಲ್ಲೋ ಉಳಿದಿದೆ.

ಸೆಂಟಿಮೀಟರ್ ಕೊಡುವ ಪ್ರಶ್ನೆಗೂ ಹೆದರಬೇಡಿ. ಮೇಲಿನ ಪಜಲ್‌ನಲ್ಲೇ ಎರಡನೆಯವರು 168 ಸೆಂ.ಮೀ., ನಾಲ್ಕನೆಯವರು 155 ಸೆಂ.ಮೀ., ಫಾತಿಮಾ ಎತ್ತರ ಎಷ್ಟಿರಬಹುದು ಅಂತ ಕೇಳಿದರೆ, ನಡುವೆ ಬೀಳುವ ಆಪ್ಷನ್ ಯಾವುದೋ ಅದೇ ಉತ್ತರ. ಲೆಕ್ಕ ಏನೂ ಇಲ್ಲ.

ದಿಕ್ಕು ತಪ್ಪಿಸುವ ವಿಷಯಗಳ ಬಗ್ಗೆ ಮಾತ್ರ ಎಚ್ಚರ. ಓಟದ ಸ್ಪರ್ಧೆಯಲ್ಲಿ ಕಡಿಮೆ ಸಮಯ ತೆಗೆದುಕೊಂಡವರು ಮುಂದೆ. ಹುಟ್ಟಿದ ವರ್ಷ ಕೊಟ್ಟರೆ ಸಣ್ಣ ಸಂಖ್ಯೆಯವರು ಹಿರಿಯರು. ಸಾಲಿನ ಎಡತುದಿಯಲ್ಲಿ ‘ಬೇಗ’ ಅಥವಾ ‘ಹಿರಿಯ’ ಅಂತ ಒಂದು ಪದ ಬರೆದಿಟ್ಟುಕೊಳ್ಳಿ, ಎರಡು ಸೆಕೆಂಡ್ ಕೆಲಸ.

ಕೊನೆಗೆ ನೆಗೆಟಿವ್ ಮಾರ್ಕ್ಸ್. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ, ಐದು ಆಪ್ಷನ್. ಏನೂ ಗೊತ್ತಿಲ್ಲದೆ ಸುಮ್ನೆ ಒಂದು ಹಾಕಿದರೆ ಸರಾಸರಿ ಲಾಭ ಸೊನ್ನೆ. ಆದರೆ ಪಜಲ್ ಪೂರ್ತಿ ಆಗದೆ ಇಬ್ಬರಲ್ಲಿ ಒಬ್ಬರು ಅನ್ನುವವರೆಗೆ ಬಂದಿದ್ದರೆ, ಸಮಯ ಮುಗಿಯುತ್ತಾ ಇದ್ದರೆ, ಒಂದನ್ನು ಹಾಕಿ ಮುಂದೆ ಹೋಗಿ. ಲೆಕ್ಕದ ಪ್ರಕಾರ ಅಲ್ಲಿ ಲಾಭವೇ ಜಾಸ್ತಿ.

ಬೆಂಗಳೂರಿನಿಂದ ಸುಮ್ಮನೆ ಓದುವವಳು:

ಒಂದು ಪ್ರಶ್ನೆ ಕೇಳಬಹುದಾ? ಈ ಪಜಲ್‌ಗಳಲ್ಲಿ ಎತ್ತರಕ್ಕೆ ಒಂದು ಸಾಲು, ವಯಸ್ಸಿಗೆ ಒಂದು ಸಾಲು ಬಂತು. ಎರಡನ್ನೂ ಸೇರಿಸಿ ಒಟ್ಟಾರೆ ಒಂದೇ ರ‍್ಯಾಂಕ್ ಕೊಡಿ ಅಂದರೆ ಏನು ಮಾಡುತ್ತಾರೆ?

ಮೈಸೂರು ಕೋಡರ್:

ಅಕ್ಕಾ, ಅದಕ್ಕೆ ಯಾವ ವಿಷಯಕ್ಕೆ ಮೊದಲ ಮಾನ್ಯತೆ ಅಂತ ಪ್ರಶ್ನೆಯಲ್ಲೇ ಹೇಳಬೇಕು. ಹೇಳದಿದ್ದರೆ ಒಂದೇ ಸಾಲು ಮಾಡಲು ಬರುವುದಿಲ್ಲ. ಒಲಿಂಪಿಕ್ಸ್ ಪದಕ ಪಟ್ಟಿ ನೋಡಿ. ಮೊದಲು ಚಿನ್ನ ಎಣಿಸುತ್ತಾರೆ. ಚಿನ್ನ ಸಮ ಬಂದರೆ ಮಾತ್ರ ಬೆಳ್ಳಿ ನೋಡುತ್ತಾರೆ, ಬೆಳ್ಳಿಯೂ ಸಮ ಬಂದರೆ ಕಂಚು. 2024ರ ಪ್ಯಾರಿಸ್‌ನಲ್ಲಿ ಅಮೆರಿಕ, ಚೀನಾ ಎರಡಕ್ಕೂ 40 ಚಿನ್ನ. ಅಮೆರಿಕಕ್ಕೆ 44 ಬೆಳ್ಳಿ, ಚೀನಾಕ್ಕೆ 27, ಹಾಗಾಗಿ ಅಮೆರಿಕ ಮೇಲೆ. ಅದೇ ಪಟ್ಟಿಯಲ್ಲಿ ನಮಗೆ ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕ. ಪಾಕಿಸ್ತಾನಕ್ಕೆ ಒಂದೇ ಪದಕ, ಆದರೆ ಅದು ಚಿನ್ನ. ಅವರು 62ನೇ ಸ್ಥಾನ, ನಾವು 71. ಒಟ್ಟು ಪದಕದಿಂದ ಎಣಿಸಿದ್ದರೆ ನಾವು ಮೇಲೆ ಇರುತ್ತಿದ್ದೆವು. ಅಂಕಿ ಅದೇ, ಮಾನ್ಯತೆಯ ಕ್ರಮ ಬದಲಾದರೆ ರ‍್ಯಾಂಕೇ ಬದಲು.

ಗ್ರಾಮೀಣ ಶಾಖೆ:

ನಮ್ಮ ಬ್ಯಾಂಕ್ ಪರೀಕ್ಷೆಯ ಮೆರಿಟ್ ಪಟ್ಟಿಯೂ ಹಾಗೇ. ಇಬ್ಬರಿಗೆ ಒಂದೇ ಅಂಕ ಬಂದರೆ ಹುಟ್ಟಿದ ದಿನಾಂಕ ನೋಡಿ ವಯಸ್ಸಿನಲ್ಲಿ ಹಿರಿಯರನ್ನು ಮೇಲೆ ಹಾಕುತ್ತಾರೆ, ಐಬಿಪಿಎಸ್ ಅಧಿಸೂಚನೆಯಲ್ಲೇ ಇದೆ. ಪಜಲ್‌ನಲ್ಲಿ ಹೀಗೆ ‘ಸಮ ಬಂದರೆ’ ಅನ್ನುವ ಮಾತು ಇದ್ದರೆ ಎರಡನೇ ವಿಷಯವನ್ನು ಸಮ ಇರುವವರ ನಡುವೆ ಮಾತ್ರ ಬಳಸಿ, ಇಡೀ ಸಾಲಿಗೆ ಬಳಸಬೇಡಿ.

ತಮ್ಮಾ ಕೊಪ್ಪಳ, ಈಗ ನಿನಗೊಂದು ಅಭ್ಯಾಸ. ಗಿರೀಶ, ಹಸೀನಾ, ಜಯಾ, ಕಿರಣ, ಲತಾ ಐದು ಜನ. ಅಂಕವೂ ಬೇರೆ ಬೇರೆ, ಓಟದಲ್ಲಿ ತೆಗೆದುಕೊಂಡ ಸಮಯವೂ ಬೇರೆ ಬೇರೆ. ಅಂಕದಲ್ಲಿ ಜಯಾ ಎಲ್ಲರಿಗಿಂತ ಮೇಲೆ, ಓಟದಲ್ಲಿ ಅವಳು ಎಲ್ಲರಿಗಿಂತ ಜಾಸ್ತಿ ಸಮಯ ತೆಗೆದುಕೊಂಡಳು. ಹಸೀನಾಗಿಂತ ಎಷ್ಟು ಜನ ಜಾಸ್ತಿ ಅಂಕ ಪಡೆದರೋ ಅಷ್ಟೇ ಜನ ಕಿರಣನಿಗಿಂತ ಕಡಿಮೆ ಅಂಕ ಪಡೆದರು. ಹಸೀನಾಳ ಅಂಕ ಕಿರಣನಿಗಿಂತ ಜಾಸ್ತಿ. ಅಂಕದಲ್ಲಿ ಕೊನೆಯವರು ಓಟದಲ್ಲಿ ಲತಾಗಿಂತ ಕಡಿಮೆ ಸಮಯ ತೆಗೆದುಕೊಂಡರು. ಕಿರಣ ಲತಾಗಿಂತ ಆಮೇಲೆ ಗುರಿ ಮುಟ್ಟಿದ. ಹಸೀನಾ ಕಿರಣನಿಗಿಂತ ಮೊದಲು ಮುಟ್ಟಿದಳು. ಅಂಕದಲ್ಲಿ ಮೂರನೆಯವರು ಯಾರು? ಓಟದಲ್ಲಿ ನಾಲ್ಕನೆಯವರು ಯಾರು? ಓಟದಲ್ಲಿ ಮೊದಲು ಬಂದವರು ಯಾರು?

ಕೊಪ್ಪಳದ ಅಭ್ಯರ್ಥಿ:

ಅಣ್ಣಾ, ಎರಡು ಸಾಲು ಹಾಕಿದೆ. ಮೇಲಿನ ಸಾಲು ಅಂಕ. ಕೆಳಗಿನ ಸಾಲಿನ ಎಡಗಡೆ ‘ಬೇಗ’ ಅಂತ ಬರೆದುಕೊಂಡೆ.

ಐದು ಜನ, ಹಾಗಾಗಿ ಹಸೀನಾ ಮತ್ತು ಕಿರಣನ ಸ್ಥಾನ ಕೂಡಿಸಿದರೆ 6. ಹಸೀನಾ ಮೇಲೆ ಇರಬೇಕು, ಅಂದರೆ 1 ಮತ್ತು 5, ಇಲ್ಲಾ 2 ಮತ್ತು 4. ಒಂದನೇ ಜಾಗ ಜಯಾಳದ್ದು. ಆದ್ದರಿಂದ ಹಸೀನಾ 2, ಕಿರಣ 4. ಉಳಿದ 3 ಮತ್ತು 5ಕ್ಕೆ ಗಿರೀಶ, ಲತಾ. ಅಂಕದಲ್ಲಿ ಕೊನೆಯವರು ಲತಾಗಿಂತ ಬೇಗ ಓಡಿದರು ಅಂದ ಮೇಲೆ ಆ ಕೊನೆಯವರು ಲತಾ ಆಗಲು ಸಾಧ್ಯವಿಲ್ಲ, ಗಿರೀಶ. ಮೂರನೆಯವಳು ಲತಾ.

ಓಟದಲ್ಲಿ ಜಯಾ 5. ಗಿರೀಶ ಲತಾಗಿಂತ ಮೊದಲು, ಲತಾ ಕಿರಣನಿಗಿಂತ ಮೊದಲು, ಹಸೀನಾನೂ ಕಿರಣನಿಗಿಂತ ಮೊದಲು. ಕಿರಣನ ಮುಂದೆ ಮೂವರಿದ್ದಾರೆ, ಹಾಗಾಗಿ ಅವನು 4. ಮೊದಲ ಸ್ಥಾನಕ್ಕೆ ಬಾಣ ಬೀಳದವರನ್ನು ಹುಡುಕಿದರೆ ಗಿರೀಶ ಸಿಗುತ್ತಾನೆ, ಹಸೀನಾನೂ ಸಿಗುತ್ತಾಳೆ. ಎಲ್ಲ ವಾಕ್ಯಗಳಿಗೂ ಟಿಕ್ ಬಿದ್ದಿದೆ. ಕೊನೆಯ ಪ್ರಶ್ನೆಗೆ ‘ನಿರ್ಧರಿಸಲು ಸಾಧ್ಯವಿಲ್ಲ’ ಹಾಕುತ್ತೇನೆ. ಸರಿನಾ?

ಗ್ರಾಮೀಣ ಶಾಖೆ:

ಮೂರೂ ಸರಿ. ಟಿಕ್ ನೋಡಿಕೊಂಡು ಆ ಆಪ್ಷನ್ ಹಾಕಿದ್ದು ನನಗೆ ಖುಷಿ ಆಯಿತು. ಇನ್ನೊಂದು ಪ್ರಶ್ನೆ ಅದರಲ್ಲೇ ಹುಟ್ಟುತ್ತದೆ: ಓಟದಲ್ಲಿ ಮೂರನೆಯವರು ಯಾರಾಗಲು ಸಾಧ್ಯವಿಲ್ಲ ಅಂತ ಕೇಳಿ, ಆಪ್ಷನ್‌ನಲ್ಲಿ ಗಿರೀಶ, ಹಸೀನಾ, ಲತಾ ಕೊಡಬಹುದು. ಲತಾ ಆಗಬಹುದು, ಹಸೀನಾನೂ ಆಗಬಹುದು. ಗಿರೀಶ ಮೂರನೆಯವನಾದರೆ ಅವನ ಹಿಂದೆ ಬರಬೇಕಾದ ಲತಾಗೆ ಜಾಗವೇ ಉಳಿಯುವುದಿಲ್ಲ, ನಾಲ್ಕು ಕಿರಣನದು, ಐದು ಜಯಾಳದು. ಉತ್ತರ ಗಿರೀಶ.